ವಸಂತದ ಹೊಳೆದಾರಿ

ವಸಂತವೆಂದೊಡನೆ ನಮಗೆ ಮಾವಿನ ಚಿಗುರು ನೆನಪಾಗುತ್ತದೆ, ಕೋಗಿಲೆ ನೆನಪಾಗುತ್ತದೆ, ಕವಿಗಳು ಹೇಳಿ ಹೇಳಿ ಬಳಕೆಗೆ ತಂದ ಮಲಯಮಾರುತ ನೆನಪಾಗುತ್ತದೆ. ಹೊಳೆ ನೆನಪಾಗುವುದು ಅಪರೂಪ. ಹೊಳೆಯನ್ನು ನಾವು ಮಳೆಗಾಲದೊಡನೆ ಸೇರಿಸಿ ಯೋಚಿಸುವವರು. ತುಂಬಿ ಹರಿದಾಗಲೇ ಅದಕ್ಕೆ ಶೋಭೆಯೆಂಬುದು ನಮ್ಮ ಎಣಿಕೆ. ಆದರೆ ಪಶ್ಚಿಮಘಟ್ಟದ ಬುಡದಲ್ಲಿರುವ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲ್ಲೂಕುಗಳಲ್ಲಿ ವಸಂತದ ಮೊದಲ ಗುರುತು ಕಾಣುವುದು ಹೊಳೆಯಲ್ಲಿಯೇ. ನೀರು ತಿಳಿಯಾಗಿ ಪಾತ್ರದ ಒಂದು ಮಗ್ಗುಲಿಗೆ ಸರಿಯುತ್ತದೆ. ಬಂಡೆಗಳು ಬೆನ್ನು ತೋರುತ್ತವೆ. ಮರಳಿನ ದಿಣ್ಣೆಗಳು ಬಿಸಿಲಿಗೆ ಮೈಯೊಡ್ಡುತ್ತವೆ. ದಂಡೆಯುದ್ದಕ್ಕೂ, ಇಷ್ಟು ದಿನ ಕಾಣದಿದ್ದ ಒಂದು ದಾರಿ ತೆರೆದುಕೊಳ್ಳುತ್ತದೆ. ಆ ದಾರಿಯಲ್ಲಿ ಬೆಳಗಿನ ಹೊತ್ತು ಬೈಸಿಕಲ್ಲನ್ನೇರಿ ಹೋಗುವುದು ಈ ಕಾಲದಲ್ಲಿಯೂ ಸುಲಭವಾಗಿ ಸಿಕ್ಕುವ ದೊಡ್ಡ ಸುಖಗಳಲ್ಲಿ ಒಂದು. ಆ ಸುಖದ ಹಿಂದೆ ಎಷ್ಟು ಚರಿತ್ರೆ ಮಲಗಿದೆಯೆಂಬುದನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲು ನೆಲದ ಪರಿಚಯ ಆಗಬೇಕು. ಪುತ್ತೂರು ಹಳೆಯ ತಾಲ್ಲೂಕು. ಸುಳ್ಯ ಅದರಿಂದ ಬೇರ್ಪಟ್ಟದ್ದು. ಕಡಬವು ಈ ಎರಡರ ಹಳ್ಳಿಗಳನ್ನು ಕೂಡಿಸಿ ಈ ಶತಮಾನದ ಎರಡನೆಯ ದಶಕದಲ್ಲಿ ಮಾಡಿದ ತಾಲ್ಲೂಕು. ಆಡಳಿತದ ಗಡಿಗಳು ಹೀಗೆ ಬದಲಾಗುತ್ತ ಬಂದರೂ ಸೀಮೆಯ ನಿಜವಾದ ವಿಭಾಗವನ್ನು ಮಾಡಿರುವುದು ಮೂರು ಹೊಳೆಗಳು. 1712 ಮೀಟರು ಎತ್ತರದ ಕುಮಾರಪರ್ವತದ ಮಗ್ಗುಲಿನಿಂದ ಇಳಿದು, ಕುಕ್ಕೆ ಸುಬ್ರಹ್ಮಣ್ಯದ ಯಾತ್ರಿಕರಿಗೆ ಸ್ನಾನಘಟ್ಟವಾಗಿ, ಕಡಬದ ಸೀಮೆಯನ್ನು ಬಳಸಿ ಪಶ್ಚಿಮಕ್ಕೆ ಹರಿಯುವುದು ಕುಮಾರಧಾರೆ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ; ಅಲ್ಲಿಂದ ಮುಂದೆ ನೇತ್ರಾವತಿಯೆಂಬ ಒಂದೇ ಹೆಸರು ಮಂಗಳೂರಿನ ಅಳಿವೆಯವರೆಗೆ. ಮೂರನೆಯದು ಪಯಸ್ವಿನಿ. ಇದು ಕೊಡಗಿನ ಬೆಟ್ಟಗಳಿಂದ ಇಳಿದು, ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು, ಕಾಸರಗೋಡಿನ ಕಡೆಗೆ ತಿರುಗಿ, ಅಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ತುಳುನಾಡಿನ ತೆಂಕಣ ಎಲ್ಲೆಯೆಂದು ಹಿಂದಿನವರು ಎಣಿಸುತ್ತಿದ್ದುದು ಈ ಚಂದ್ರಗಿರಿಯನ್ನೇ.

ಈ ಸೀಮೆಯಲ್ಲಿ ವರುಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಮುಗಿಯುತ್ತದೆ. ಹಾಗಾಗಿ ಇಲ್ಲಿಯ ಹೊಳೆಗೆ ಎರಡು ಸ್ವಭಾವ. ಮಳೆಗಾಲದಲ್ಲಿ ಅದು ಗಡಿ. ಆಚೆ ದಂಡೆಯ ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಈಚೆ ದಂಡೆಯವರಿಗೆ ದೋಣಿಯವನ ಧೈರ್ಯವೇ ಗತಿ. ನೆರೆ ಮಿತಿಮೀರಿದರೆ ಅದನ್ನು ಇಲ್ಲಿಯವರು ‘ಮಾರಿಬೊಳ್ಳ’ವೆನ್ನುತ್ತಾರೆ, 1923ರ ಮಾರಿಬೊಳ್ಳದ ಕಥೆ ನೇತ್ರಾವತಿಯ ದಂಡೆಯ ಮನೆಗಳಲ್ಲಿ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ಇಳಿದು ಬಂದಿದೆ. ಮಳೆ ನಿಂತು ಮೂರು ನಾಲ್ಕು ತಿಂಗಳಾದ ಮೇಲೆ ಅದೇ ಹೊಳೆ ದಾರಿಯಾಗುತ್ತದೆ. ಎಲ್ಲಿ ಮೊಳಕಾಲುದ್ದ ನೀರು, ಎಲ್ಲಿ ಗುಂಡಿ, ಎಲ್ಲಿ ಬಂಡೆಯಿಂದ ಬಂಡೆಗೆ ಹಾರಬಹುದು, ಎಲ್ಲಿ ಎತ್ತು ಇಳಿಯಬಹುದು ಎಂಬ ತಿಳಿವಳಿಕೆಯೆಲ್ಲ ಜನರ ನೆನಪಿನಲ್ಲಿ ಇರುತ್ತಿತ್ತು. ದಾಟುವ ಸ್ಥಳಕ್ಕೆ ‘ಕಡವು’ ಎಂದು ಹೆಸರು. ತೋಡುಗಳ ಮೇಲೆ ಅಡಿಕೆಯ ಮರಗಳನ್ನು ಜೋಡಿಸಿ ಕಟ್ಟಿದ ಕಿರುಸೇತುವೆಗೆ ‘ಸಂಕ’ ಎಂದು ಹೆಸರು. ಕಡವಿನಿಂದ ಕಡವಿಗೆ, ಸಂಕದಿಂದ ಸಂಕಕ್ಕೆ, ಗದ್ದೆಯ ಅಂಚಿನ ಕಟ್ಟಪುಣಿಯ ಮೇಲೆ ಸಾಗುತ್ತಿದ್ದುದೇ ಹೊಳೆದಾರಿ.

ತುಳುವರ ಪಂಚಾಂಗವೂ ಇದಕ್ಕೆ ಹೊಂದಿಕೊಂಡೇ ಇದೆ. ಫೆಬ್ರವರಿಯ ನಡುವೆ, ಮಕರಮಾಸ ಮುಗಿಯುವ ಮೂರು ದಿನ, ಕೆಡ್ಡಸವೆಂಬ ಆಚರಣೆ. ಭೂಮಿತಾಯಿ ಋತುಮತಿಯಾದಳೆಂದು ಭಾವಿಸಿ ಆ ದಿನಗಳಲ್ಲಿ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಅಲ್ಲಿಂದ ಮಾಯಿ, ಸುಗ್ಗಿ ಎಂಬ ತಿಂಗಳುಗಳನ್ನು ದಾಟಿ ಏಪ್ರಿಲಿನ ನಡುವೆ ಪಗ್ಗು ತಿಂಗಳ ಮೊದಲ ದಿನ ಬಿಸುಹಬ್ಬ. ಅದು ಸೌರಮಾನದ ಹೊಸ ವರ್ಷ. ಕೆಡ್ಡಸದಿಂದ ಬಿಸುವಿನವರೆಗಿನ ಈ ಎರಡು ತಿಂಗಳುಗಳೇ ಇಲ್ಲಿಯ ನಿಜವಾದ ವಸಂತ. ಜಾತ್ರೆಗಳು, ಕೋಲಗಳು, ನಂಟರ ಮನೆಗೆ ಹೋಗಿ ಬರುವ ಓಡಾಟಗಳು ಹೆಚ್ಚಾಗಿ ನಡೆಯುವುದೂ ಈ ಹೊತ್ತಿನಲ್ಲಿಯೇ. ಹೊಳೆ ದಾರಿ ಕೊಟ್ಟಾಗ ಜನ ಕೂಡುತ್ತಾರೆ ಎಂದು ಸಂಕ್ಷೇಪವಾಗಿ ಹೇಳಬಹುದು.

ಜನ ಮಾತ್ರವಲ್ಲ, ಸರಕೂ ಈ ದಾರಿಗಳಲ್ಲಿ ಚಲಿಸಿತು. ಕಡಲಿನ ಉಪ್ಪು, ಒಣಮೀನು ದೋಣಿಯಲ್ಲಿ ಬಂಟವಾಳ, ಪಾಣೆಮಂಗಳೂರುಗಳವರೆಗೆ ಬಂದು, ಅಲ್ಲಿಂದ ಎತ್ತಿನ ಬೆನ್ನನ್ನೇರಿ ಘಟ್ಟದ ಬುಡಕ್ಕೆ ಹೋಗುತ್ತಿತ್ತು. ಘಟ್ಟದ ಮೇಲಿನ ಧಾನ್ಯ ಇಳಿದು ಬರುತ್ತಿತ್ತು. ಸಂಪಾಜೆ, ಬಿಸಲೆ, ಶಿರಾಡಿ ಎಂಬ ಕಣಿವೆಗಳ ಬಾಯಿಗೆ ಬಂದು ಮುಟ್ಟುವುದು ಪಯಸ್ವಿನಿ, ಕುಮಾರಧಾರೆ ಮತ್ತು ಅವುಗಳ ಉಪನದಿಗಳ ಅಂಚಿನ ದಾರಿಗಳೇ. ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದಲ್ಲಿ ಮಳೆಗಾಲ ಕಳೆದ ಮೇಲೆ ಕೂಡುತ್ತಿದ್ದ ದನಗಳ ಜಾತ್ರೆಗೆ ಘಟ್ಟದ ಮೇಲಿನಿಂದ ಎತ್ತುಗಳು ಇಳಿದು ಬರುತ್ತಿದ್ದುವು. ಗುಡ್ಡ ತಗ್ಗುಗಳ ಈ ಮುರಕಲ್ಲಿನ ಸೀಮೆಯಲ್ಲಿ ಏರಿಳಿತ ಕಡಮೆಯಾದ ರೇಖೆಯನ್ನು ಹುಡುಕಿಕೊಟ್ಟದ್ದು ನೀರು. ಅಳತೆಯ ಸರಪಳಿ ಹಿಡಿದ ಇಂಜಿನಿಯರು ಬರುವುದಕ್ಕೆ ಬಹಳ ಮೊದಲೇ ಹೊಳೆ ಆ ಕೆಲಸವನ್ನು ಮಾಡಿ ಮುಗಿಸಿತ್ತು.

ವಸಂತದ ಈ ದಾರಿಯ ಮೇಲೆ ನಡೆದ ಅತ್ಯಂತ ದೊಡ್ಡ ಘಟನೆ 1837ನೆಯ ಇಸವಿಯದು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಅಮರ ಸುಳ್ಯ, ಪುತ್ತೂರು ಮುಂತಾದ ಮಾಗಣೆಗಳು ಕೊಡಗಿನ ಹಾಲೇರಿ ಅರಸರ ಆಡಳಿತಕ್ಕೆ ಸೇರಿದ್ದುವು. 1834ರಲ್ಲಿ ಇಂಗ್ಲಿಷರ ಕಂಪೆನಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ, ಮದರಾಸಿನ ಅಧೀನದಲ್ಲಿದ್ದ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಕಾಗದದ ಮೇಲೆ ಇದು ಒಂದು ಗೆರೆಯ ಬದಲಾವಣೆ. ರೈತನ ಮನೆಯಲ್ಲಿ ಅದರ ಪರಿಣಾಮ ಬೇರೆಯೇ ಆಯಿತು. ಅರಸರ ಕಾಲದಲ್ಲಿ ಬೆಳೆದ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದು ಹಣದಲ್ಲಿ ತೆರಬೇಕಾಯಿತು. ಅಡಿಕೆ, ಭತ್ತಗಳು ಮನೆಯಲ್ಲಿದ್ದರೂ ನಾಣ್ಯ ಎಲ್ಲಿಂದ ಬರಬೇಕು? ಬೆಳೆಯನ್ನು ವ್ಯಾಪಾರಿ ಹೇಳಿದ ಬೆಲೆಗೆ ಮಾರಬೇಕು. ಇಲ್ಲವೇ ಸಾಲ ತರಬೇಕು. ನ್ಯಾಯ ಕೇಳಬೇಕಾದರೆ ಪರಿಚಯವಿಲ್ಲದ ಕಚೇರಿಯ ಬಾಗಿಲಿಗೆ ಹೋಗಬೇಕು.

ಈ ಅಸಮಾಧಾನಕ್ಕೆ ಮುಖವಾಗಿ ನಿಂತವರಲ್ಲಿ ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರ ಹೆಸರುಗಳು ಪ್ರಸಿದ್ಧವಾಗಿವೆ. ಅರಸೊತ್ತಿಗೆಯ ಹೆಸರಿಲ್ಲದೆ ಜನ ಕೂಡುವುದು ಕಷ್ಟವಾಗಿದ್ದ ಕಾಲ ಅದು. ಪುಟ್ಟಬಸಪ್ಪನೆಂಬವನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ದಂಡು ಹೊರಟಿತು. ಆದುದರಿಂದಲೇ ಜನರ ಬಾಯಲ್ಲಿ ಈ ದಂಗೆಗೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಉಳಿದಿದೆ. 1924ರಲ್ಲಿ ಕುಲ್ಕುಂದದಲ್ಲಿ ಹುಟ್ಟಿದ ಕಾದಂಬರಿಕಾರ ನಿರಂಜನರು ಇದನ್ನೇ ವಸ್ತುವಾಗಿಟ್ಟುಕೊಂಡು ‘ಕಲ್ಯಾಣಸ್ವಾಮಿ’ಯನ್ನು ಬರೆದರು.

ಮಾರ್ಚ್ 30ರ ಸುಮಾರಿಗೆ ಸುಳ್ಯದ ಸೀಮೆಯಲ್ಲಿ ಎದ್ದ ದಂಡು ಬೆಳ್ಳಾರೆಯ ಸರಕಾರಿ ಖಜಾನೆಯನ್ನು ವಶಪಡಿಸಿಕೊಂಡಿತು. ಅಲ್ಲಿಂದ ಮುಖ್ಯ ಪಡೆ ಪುತ್ತೂರು, ಪಾಣೆಮಂಗಳೂರುಗಳ ಮಾರ್ಗವಾಗಿ ಪಡುವಣಕ್ಕೆ ಇಳಿಯಿತು. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿತು. ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟವನ್ನಿಳಿಸಿ ತಮ್ಮದನ್ನು ಏರಿಸಿದರು. ಹದಿಮೂರು ದಿನ ಪಟ್ಟಣ ಅವರದಾಗಿತ್ತು. ಆಮೇಲೆ ಹೊರಗಿನಿಂದ ಕಂಪೆನಿಯ ಸೈನ್ಯ ಬಂದಿತು, ದಂಡು ಚೆದರಿತು, ನಾಯಕರು ಸೆರೆಯಾದರು. ಕೆಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರುಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆ ನಿಂತಿದೆ.

ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ನಾಯಕರನ್ನೂ ದಿನಾಂಕಗಳನ್ನೂ ನೋಡುತ್ತಾರೆ, ಋತುವನ್ನು ನೋಡುವುದಿಲ್ಲ. ದಿನಾಂಕಗಳ ಮೇಲೆ ಪಂಚಾಂಗವನ್ನಿಟ್ಟು ಲೆಕ್ಕ ಹಾಕಿದರೆ ಒಂದು ಸಂಗತಿ ಹೊಳೆಯುತ್ತದೆ. ಆ ವರುಷ ಏಪ್ರಿಲ್ 5 ಅಮಾವಾಸ್ಯೆಯ ದಿನ. ಎಂದರೆ ದಂಡು ನಡೆದದ್ದು ಕೃಷ್ಣಪಕ್ಷದ ಕೊನೆಯ ಕತ್ತಲೆಯ ರಾತ್ರಿಗಳಲ್ಲಿ. ಅವರು ಮಂಗಳೂರನ್ನು ಹೊಕ್ಕ ಮರುದಿನವೋ ಅದರ ಮರುದಿನವೋ ಚಾಂದ್ರಮಾನ ಯುಗಾದಿ. ಅವರು ಪಟ್ಟಣವನ್ನಾಳಿದ ಹದಿಮೂರು ದಿನಗಳ ನಡುವೆ ಬಿಸುಹಬ್ಬ. ಸುಗ್ಗಿಯ ಕೆಲಸ ಹಗುರವಾಗಿ, ರೈತ ಮನೆಯಿಂದ ಹೊರಡಬಹುದಾದ ಹೊತ್ತು. ಎಲ್ಲಕ್ಕಿಂತ ಮಿಗಿಲಾಗಿ, ಹೊಳೆಗಳು ತೀರ ಇಳಿದಿದ್ದ ಹೊತ್ತು. ಪುತ್ತೂರಿನ ಕಡೆಯಿಂದ ಬಂದವರಿಗೆ ಪಾಣೆಮಂಗಳೂರಿನಲ್ಲಿ ನೇತ್ರಾವತಿ ಅಡ್ಡ ಬರುತ್ತದೆ. ಬಂಟವಾಳ ಆಚೆಯ ದಂಡೆಯಲ್ಲಿದೆ. ಅಲ್ಲಿ ಆಗ ಸೇತುವೆಯಿರಲಿಲ್ಲ. ಇದೇ ದಂಡು ಜುಲೈಯಲ್ಲಿ ಹೊರಟಿದ್ದರೆ ಆ ದಂಡೆಯಲ್ಲಿಯೇ ಕೂತು ಮಳೆ ನಿಲ್ಲುವುದನ್ನು ಕಾಯಬೇಕಾಗುತ್ತಿತ್ತು. ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರು. ಅಷ್ಟು ದೂರವನ್ನು, ದಾರಿಯುದ್ದಕ್ಕೂ ಜನ ಕೂಡಿಸಿಕೊಳ್ಳುತ್ತ, ಒಂದು ವಾರದೊಳಗೆ ರೈತರ ಗುಂಪೊಂದು ದಾಟಿತೆಂದರೆ ಅದಕ್ಕೆ ಅವರ ಎದೆಗಾರಿಕೆ ಮೊದಲ ಕಾರಣ. ವಸಂತದ ಹೊಳೆ ಎರಡನೆಯ ಕಾರಣವೆಂದು ಊಹಿಸಿದರೆ ತಪ್ಪಾಗಲಾರದು.

ಆ ದಂಡಿನವರು ನಡೆದ ವರುಷಕ್ಕೆ ಬೈಸಿಕಲ್ಲಿಗೆ ಇನ್ನೂ ಪೆಡಲು ಬಂದಿರಲಿಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬವನು ಎರಡು ಚಕ್ರಗಳ ಮರದ ಗಾಡಿಯೊಂದನ್ನು ಓಡಿಸಿ ತೋರಿಸಿದ್ದನು. ಅದರ ಮೇಲೆ ಕೂತು ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಸೇರಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ, ಸಮಗಾತ್ರದ ಎರಡು ಚಕ್ರ ಮತ್ತು ಹಿಂದಿನ ಚಕ್ರವನ್ನು ಎಳೆಯುವ ಸರಪಳಿಯುಳ್ಳ ರೋವರ್ ಬೈಸಿಕಲ್ಲನ್ನು ಮಾಡಿದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಟಯರನ್ನು ತಂದನು. ನಾವು ಈಗ ಏರುವ ಬೈಸಿಕಲ್ಲು ಮುಖ್ಯ ಅಂಶಗಳಲ್ಲಿ ಈ ಇಬ್ಬರು ಬಿಟ್ಟು ಹೋದದ್ದೇ. ನಮ್ಮ ದೇಶದಲ್ಲಿ ಅದು ಮೊದಮೊದಲು ಸಾಹೇಬರ ವಾಹನ, ಆಮೇಲೆ ಗುಮಾಸ್ತರ ವಾಹನ. ಮುಂಬಯಿ, ಮದರಾಸು, ಲುಧಿಯಾನಗಳಲ್ಲಿ ಕಾರಖಾನೆಗಳು ತಲೆಯೆತ್ತಿದ ಮೇಲೆ ಎಲ್ಲರ ವಾಹನ. ಪುತ್ತೂರು, ಸುಳ್ಯಗಳಂಥ ಪೇಟೆಗಳಲ್ಲಿ ಗಂಟೆಯ ಲೆಕ್ಕಕ್ಕೆ ಬಾಡಿಗೆ ಸೈಕಲು ಕೊಡುವ ಅಂಗಡಿಗಳಿದ್ದುವು. ಕಡಲಿನ ಕಡೆಯಿಂದ ಮೀನಿನ ಬುಟ್ಟಿಯನ್ನು ಹಿಂದೆ ಕಟ್ಟಿ, ಹಾರನ್ನನ್ನು ಒತ್ತುತ್ತ, ಮನೆಮನೆಯ ದಾರಿಯ ತುದಿಯಲ್ಲಿ ನಿಲ್ಲುತ್ತಿದ್ದ ಸೈಕಲಿನವನು ಉಪ್ಪಿನ ಎತ್ತುಗಳ ನೇರ ವಾರಸುದಾರ.

ಟಯರಿನ ಮಾತು ಬಂದದ್ದರಿಂದ ಇನ್ನೊಂದು ಸಂಬಂಧವನ್ನೂ ಹೇಳಬೇಕು. ರಬ್ಬರಿನ ಮರ ಬ್ರೆಜಿಲಿನದು. 1876ರಲ್ಲಿ ಅದರ ಬೀಜಗಳು ಲಂಡನ್ನಿನ ಕ್ಯೂ ತೋಟಕ್ಕೆ ಬಂದು, ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೆ ಹೋದುವು. ಸಿಂಹಳದ ತೋಟಗಳಲ್ಲಿ ತಲೆಮಾರುಗಳ ಕಾಲ ದುಡಿದ ತಮಿಳು ಕೂಲಿಕಾರರಲ್ಲಿ ಅನೇಕರನ್ನು, 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರಿಗೂ ಸಿರಿಮಾವೊ ಬಂಡಾರನಾಯಿಕೆಯವರಿಗೂ ಆದ ಒಪ್ಪಂದದಂತೆ, ಭಾರತಕ್ಕೆ ಕರೆತರಲಾಯಿತು. ಅವರಲ್ಲಿ ಒಂದು ಪಾಲು ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಸಿತು. ಹೊಳೆದಾರಿಯ ಮೇಲಿನ ಗುಡ್ಡಗಳಲ್ಲಿ ಸಾಲುಸಾಲಾಗಿ ನಿಂತ ಆ ಮರಗಳು ಚಳಿಗಾಲದ ಕೊನೆಗೆ ಎಲೆಯುದುರಿಸಿ, ವಸಂತದಲ್ಲಿ ತಾಮ್ರವರ್ಣದ ಚಿಗುರನ್ನು ತಳೆಯುತ್ತವೆ. ಸವಾರನು ಕೆಳಗೆ ಉರುಳಿಸುವ ಚಕ್ರಕ್ಕೂ ಮೇಲೆ ಚಿಗುರಿದ ಮರಕ್ಕೂ ಇರುವ ನಂಟು ಅವನಿಗೆ ತಿಳಿದಿದ್ದರೆ ಸವಾರಿಯ ರುಚಿ ಹೆಚ್ಚುತ್ತದೆ.

ಇನ್ನು ಸವಾರಿ ಹೇಗೆ ಎಂಬ ಪ್ರಶ್ನೆ. ಮೈಸೂರಿನ ಕಡೆಯಿಂದ ಬರುವವರಿಗೆ ಸಂಪಾಜೆಯ ಘಟ್ಟವಿಳಿದ ಕೂಡಲೇ ಪಯಸ್ವಿನಿ ಜೊತೆಯಾಗುತ್ತದೆ. ಸಂಪಾಜೆಯಿಂದ ಕಲ್ಲುಗುಂಡಿ, ಅರಂತೋಡುಗಳ ಮೇಲೆ ಸುಳ್ಯಕ್ಕೆ ಸುಮಾರು 20 ಕಿಲೋಮೀಟರು. ಹೆದ್ದಾರಿಯು ಹೊಳೆಯ ಬಳಿಯಲ್ಲಿಯೇ ಸಾಗುತ್ತದೆ. ಅದನ್ನು ಬಿಟ್ಟು ತೋಟಗಳ ನಡುವೆ ಇಳಿಯುವ ಮಣ್ಣಿನ ದಾರಿಗಳನ್ನು ಹಿಡಿದರೆ ನೀರಿನ ಅಂಚಿಗೆ ಬಂದು ಮುಟ್ಟಬಹುದು. ಅರಂತೋಡಿನಿಂದ ಒಳಗೆ ಹೋದರೆ ತೊಡಿಕಾನ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಬಳಿಯ ಹೊಳೆಯಲ್ಲಿ ದೇವರ ಮೀನುಗಳನ್ನು ಹಿಡಿಯುವ ಪದ್ಧತಿಯಿಲ್ಲ. ಅವು ಮನುಷ್ಯನ ನೆರಳಿಗೆ ಬೆದರದೆ ಗುಂಪುಗುಂಪಾಗಿ ದಂಡೆಗೆ ಬರುತ್ತವೆ. ಎರಡನೆಯ ದಾರಿ ಕುಮಾರಧಾರೆಯದು. ಸುಬ್ರಹ್ಮಣ್ಯದಿಂದ ಕಡಬದ ಮೇಲೆ ಉಪ್ಪಿನಂಗಡಿಗೆ ಸುಮಾರು 50 ಕಿಲೋಮೀಟರು. ರಸ್ತೆ ಹೊಳೆಗಳನ್ನು ಒಮ್ಮೆ ಕೂಡುತ್ತ ಒಮ್ಮೆ ಅಗಲುತ್ತ ಹೋಗುತ್ತದೆ. ಕಡಬದ ಬಳಿಯ ಹೊಸಮಠದಲ್ಲಿ ಗುಂಡ್ಯಹೊಳೆಗೆ ಇದ್ದ ಮುಳುಗು ಸೇತುವೆ ಮಳೆಗಾಲದಲ್ಲಿ ಮತ್ತೆ ಮತ್ತೆ ನೀರಿನಡಿ ಹೋಗಿ ಎರಡು ಕಡೆಯ ಊರುಗಳನ್ನು ಬೇರ್ಪಡಿಸುತ್ತಿತ್ತು. ಈಗ ಎತ್ತರದ ಹೊಸ ಸೇತುವೆಯಾಗಿದೆ.

ಹೊರಡುವ ಹೊತ್ತು ಮುಖ್ಯ. ಬೆಳಕು ಹರಿದ ಮೇಲೆ ಹೊರಡಬೇಕು. ಘಟ್ಟದ ಬುಡದ ಹಳ್ಳಿಗಳಲ್ಲಿ ಹೊಳೆಗೆ ಇಳಿದ ಕಾಡಾನೆ ನಸುಕಿನಲ್ಲಿ ಎದುರಾಗುವುದುಂಟು. ಒಂಬತ್ತೂವರೆಯೊಳಗೆ ನೆರಳು ಸೇರಬೇಕು. ಮಾರ್ಚಿನ ಬಿಸಿಲಿನ ಜೊತೆ ಈ ಸೀಮೆಯ ಸೆಕೆ ಸೇರಿದರೆ ಹರೆಯದವರೂ ಬಸವಳಿಯುತ್ತಾರೆ. ಈ ಎರಡು ಮೂರು ಗಂಟೆಗಳಲ್ಲಿ ಸಿಕ್ಕುವುದು ಬಹಳ. ಹೊಳೆಯ ಮೇಲೆ ಮಂಜು ತೆಳುವಾಗಿ ಏಳುತ್ತಿರುತ್ತದೆ. ಅಡಿಕೆಯ ಹಿಂಗಾರ ಒಡೆದ ಕಂಪು ತೋಟದಿಂದ ಬರುತ್ತದೆ. ಸ್ವಲ್ಪ ಮುಂದೆ ಸುರಗಿಯ ಕಂಪು ಅದನ್ನು ಮೀರಿಸುತ್ತದೆ. ಗುಡ್ಡದಲ್ಲಿ ಗೇರುಮರದ ಹೂವು, ಹಣ್ಣು ಎರಡೂ ಒಟ್ಟಿಗೆ. ತೋಡಿನ ಬದಿಯಲ್ಲಿ ಎಲ್ಲಿಯಾದರೊಂದು ಅಶೋಕದ ಮರ ಕೆಂಡದ ಬಣ್ಣದ ಗೊಂಚಲುಗಳನ್ನು ಹೊತ್ತಿರುತ್ತದೆ. ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಮಿಂಚುಳ್ಳಿ ಬಂಡೆಯಿಂದ ನೀರಿಗೆ, ನೀರಿನಿಂದ ಬಂಡೆಗೆ ನೀಲಿಯ ಗೆರೆ ಎಳೆಯುತ್ತದೆ. ಮೋಟಾರಿನಲ್ಲಿ ಕೂತವನಿಗೆ ಇವುಗಳಲ್ಲಿ ಕಣ್ಣಿಗೆ ಬಿದ್ದವು ಕೆಲವು. ಮೂಗಿಗೂ ಕಿವಿಗೂ ಬಿದ್ದದ್ದು ಏನೂ ಇಲ್ಲ. ಕಾಲುನಡಗೆಯವನಿಗೆ ಎಲ್ಲವೂ ಸಿಕ್ಕುತ್ತದೆ; ಆದರೆ ಒಂದು ಕಡವಿನಿಂದ ಇನ್ನೊಂದು ಕಡವಿಗೆ ಹೋಗುವಷ್ಟರಲ್ಲಿ ಬಿಸಿಲೇರುತ್ತದೆ. ಬೈಸಿಕಲ್ಲು ಇವೆರಡರ ನಡುವಿನ ಹದ. ಸಂಕ ಬಂದರೆ ಇಳಿದು ಹೆಗಲಿಗೇರಿಸಬಹುದು. ದಾರಿ ತಪ್ಪಿದರೆ ನಿಂತು ಕೇಳಬಹುದು. ಕೇಳಿದವನಿಗೆ ದಾರಿಯ ಜೊತೆ, ಬೆಲ್ಲದ ತುಂಡು ಮತ್ತು ಒಂದು ಚೊಂಬು ನೀರು ದೊರೆಯುವುದು ಈ ಸೀಮೆಯ ಹಳೆಯ ಮರ್ಯಾದೆ.

ಬೈಸಿಕಲ್ಲಿಗೂ ಹೊಳೆಗೂ ಸರಿಹೊಂದುವ ಸೇತುವೆಯೊಂದು ಈ ಸೀಮೆಯಲ್ಲಿಯೇ ರೂಪುಗೊಂಡಿತೆಂಬುದು ಚರಿತ್ರೆಯ ಇನ್ನೊಂದು ಸೊಗಸು. ಸುಳ್ಯದ ಮೆಕ್ಯಾನಿಕಲ್ ಇಂಜಿನಿಯರು ಗಿರೀಶ ಭಾರದ್ವಾಜರು 1989ರಲ್ಲಿ, ಊರವರ ಬೇಡಿಕೆಯ ಮೇಲೆ, ಅರಂಬೂರಿನಲ್ಲಿ ಪಯಸ್ವಿನಿಗೆ ಒಂದು ತೂಗುಸೇತುವೆಯನ್ನು ಕಟ್ಟಿದರು. ಕಾಂಕ್ರೀಟಿನ ಸೇತುವೆಗೆ ಬೇಕಾಗುವ ಹಣದ ಒಂದು ಅಲ್ಪಾಂಶದಲ್ಲಿ, ಉಕ್ಕಿನ ಹಗ್ಗಗಳನ್ನು ಎರಡು ದಂಡೆಗಳ ಕಂಬಗಳಿಗೆ ಬಿಗಿದು ಮಾಡಿದ ಕೆಲಸ. ಅಲ್ಲಿಂದ ಮುಂದೆ ಅವರು ಹಲವು ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕ ತೂಗುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಶಾಲೆಗೆ ಹೋಗುವ ಮಕ್ಕಳಿಗೆ, ಬಸುರಿ ಹೆಂಗಸರಿಗೆ, ಹಾಲಿನ ಕ್ಯಾನು ಹೊತ್ತವರಿಗೆ ಮಳೆಗಾಲದ ಗಡಿಯನ್ನು ಅಳಿಸಿದ ಸೇತುವೆಗಳು ಅವು. ಕಾರು, ಲಾರಿಗಳು ಅದರ ಮೇಲೆ ಹೋಗಲಾರವು. ಮನುಷ್ಯ ಹೋಗಬಹುದು, ಅವನ ಸೈಕಲು ಹೋಗಬಹುದು. ನಡುವೆ ನಿಂತರೆ ಸೇತುವೆ ಮೆಲ್ಲಗೆ ತೂಗುತ್ತದೆ. ಕೆಳಗೆ ತಿಳಿನೀರಿನಲ್ಲಿ ಮರಳಿನ ಅಲೆಗಳು ಕಾಣುತ್ತವೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಹೊಳೆದಾರಿ ದಿನೇ ದಿನೇ ಮಾಯವಾಗುತ್ತಿದೆ. ಇದಕ್ಕೆ ಕಾರಣರಾದವರು ಕೆಡುಕರಲ್ಲ ಎಂಬುದೇ ಇಲ್ಲಿಯ ತೊಡಕು. ಸೇತುವೆಗಳಾದ ಮೇಲೆ ಕಡವು ಬೇಡವಾಯಿತು; ಕಡವಿಗೆ ಹೋಗುವ ದಾರಿಯೂ ಬೇಡವಾಯಿತು. ಇದನ್ನು ಕೂಡದೆನ್ನಲು ಯಾರಿಗೆ ಬಾಯಿ ಬಂದೀತು? ಹಿಂದೆ ಮಳೆಗಾಲ ಕಳೆದೊಡನೆ ಊರವರು ಕೂಡಿ ಕಲ್ಲು, ಮಣ್ಣು, ಸೊಪ್ಪುಗಳಿಂದ ತೋಡಿಗೆ ‘ಕಟ್ಟ’ವನ್ನು ಹಾಕುತ್ತಿದ್ದರು. ಅದು ತೋಟಕ್ಕೆ ನೀರೂಡಿಸಿ, ಬೇಸಗೆ ಕಳೆದು ಬಂದ ಹೊಸಮಳೆಯ ನೀರಿನಲ್ಲಿ ತಾನೇ ಕೊಚ್ಚಿಹೋಗುತ್ತಿತ್ತು. ಈಗ ಆ ಸ್ಥಳದಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳು ದೊಡ್ಡ ಹೊಳೆಗಳಿಗೂ ಬಂದಿವೆ. ಹಲಗೆ ಹಾಕಿದೊಡನೆ ಹಿನ್ನೀರು ಮೈಲುಗಟ್ಟಲೆ ನಿಲ್ಲುತ್ತದೆ, ಸುತ್ತಲ ಬಾವಿಗಳಲ್ಲಿ ನೀರೇರುತ್ತದೆ, ತೋಟಗಳು ಉಳಿಯುತ್ತವೆ. ಅದೇ ಹಿನ್ನೀರಿನಡಿಯಲ್ಲಿ ಮರಳಿನ ದಂಡೆಯೂ, ದಾಟುವ ಬಂಡೆಗಳೂ, ದಾರಿಯೂ ಮುಳುಗುತ್ತವೆ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ, ಸಂಗಮದ ಮರಳಿನ ಮೇಲೆ ಮಖೆಜಾತ್ರೆಯ ಜನ ಕೂಡುವುದೂ, ಹೊಳೆಯ ಪಾತ್ರದಲ್ಲಿರುವ ಲಿಂಗಕ್ಕೆ ಬೇಸಗೆಯಲ್ಲಿ ಪೂಜೆ ಸಲ್ಲುವುದೂ ಹಳೆಯ ಸಂಪ್ರದಾಯ. ಕೆಳಗಿನ ಅಣೆಕಟ್ಟಿನ ನೀರು ಅಲ್ಲಿಯವರೆಗೂ ಏರತೊಡಗಿದ ಮೇಲೆ, ಒಣನೆಲವನ್ನು ಬೇಡುವ ಭಕ್ತನಿಗೂ ನೀರನ್ನು ಬೇಡುವ ರೈತನಿಗೂ ನಡುವೆ ಹೊಸದೊಂದು ಪ್ರಶ್ನೆ ಎದ್ದಿದೆ. ಇಬ್ಬರ ಬೇಡಿಕೆಯೂ ನ್ಯಾಯವಾದುದೇ. ಹಲಗೆಗಳನ್ನು ಯಾವ ವಾರ ಹಾಕಬೇಕು, ಯಾವ ವಾರ ತೆಗೆಯಬೇಕು ಎಂಬುದನ್ನು ಎರಡು ಕಡೆಯವರೂ ಕೂಡಿ ನಿಶ್ಚಯಿಸುವುದೊಂದೇ ಇದಕ್ಕೆ ಪರಿಹಾರ.

ದಂಡೆಯ ಮೇಲಣ ದಾರಿಯ ಮಾತು ಬೇರೆ. ಅದು ಮುಳುಗುವುದಕ್ಕಿಂತ ಹೆಚ್ಚಾಗಿ ಮರೆತುಹೋಗುತ್ತಿದೆ. ತೋಟಗಳ ಅಂಚಿನಲ್ಲಿ ಸಾಗುವ ಕಾಲುದಾರಿ ನೂರು ವರುಷ ಊರವರೆಲ್ಲರ ಬಳಕೆಯಲ್ಲಿದ್ದು, ಒಂದು ತಲೆಮಾರು ಯಾರೂ ನಡೆಯದೆ ಹೋದರೆ, ಅಲ್ಲಿ ಬೇಲಿ ಬರುತ್ತದೆ. ಇದಕ್ಕೆ ಶಾಸನದ ಬೆಂಬಲವೂ ಉಂಟು. 1882ರ ಅನುಭೋಗದ ಹಕ್ಕುಗಳ ಕಾಯಿದೆ ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಮದರಾಸೂ ಕೊಡಗೂ ಸೇರಿದ್ದುವು. ಅದರ ಪ್ರಕಾರ, ಒಬ್ಬರ ನೆಲದ ಮೂಲಕ ಇನ್ನೊಬ್ಬರು ಇಪ್ಪತ್ತು ವರುಷ ಅಡ್ಡಿಯಿಲ್ಲದೆ, ಹಕ್ಕಿನಿಂದ ನಡೆದು ಬಂದರೆ ಆ ದಾರಿಯ ಹಕ್ಕು ಸಿದ್ಧಿಸುತ್ತದೆ. ಹಾಗೆಯೇ ಇಪ್ಪತ್ತು ವರುಷ ಒಮ್ಮೆಯೂ ನಡೆಯದಿದ್ದರೆ ಇದ್ದ ಹಕ್ಕು ನಂದಿಹೋಗುತ್ತದೆ. ನಮ್ಮ ಹಿರಿಯರ ಹೆಜ್ಜೆ ಸಂಪಾದಿಸಿದ್ದನ್ನು ನಮ್ಮ ಮೋಟಾರು ಕಳೆಯಬಲ್ಲದು ಎಂದು ಇದರ ಅರ್ಥ. ಕಡವಿನ ಹೆಸರನ್ನು ಬಲ್ಲ ಮುದುಕರು ಹೋದರೆ ಹೆಸರೂ ಹೋಗುತ್ತದೆ. ಹೆಸರು ಹೋದ ಮೇಲೆ ದಾರಿಯಿತ್ತೆಂದು ಹೇಳುವುದಕ್ಕೆ ಸಾಕ್ಷಿಯೇ ಇಲ್ಲ.

ಆದುದರಿಂದ ವಸಂತದ ಸೈಕಲು ಸವಾರಿಯನ್ನು ಬರಿಯ ವಿನೋದವೆಂದು ತಳ್ಳಿಬಿಡಬಾರದು. ದಂಡೆಯಲ್ಲಿ ಉರುಳಿದ ಚಕ್ರ ದಾರಿಯನ್ನು ಸವೆಸಿ ಉಳಿಸುತ್ತದೆ. ಪಟ್ಟಣದಿಂದ ಬರುವವರು ಎರಡು ನಿಯಮಗಳನ್ನು ಪಾಲಿಸಿದರೆ ಸಾಕು. ತೋಟದ ನಡುವೆ ಹಾಯುವಾಗ ಮನೆಯವರನ್ನು ಕೇಳಿ ಹಾಯುವುದು ಒಂದು. ಎದುರಾದ ಹಿರಿಯರನ್ನು ಆ ಕಡವಿನ ಹೆಸರೇನೆಂದು ಕೇಳಿ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಇನ್ನೊಂದು. ಕಚೇರಿಯ ದಫ್ತರಗಳಲ್ಲಿ ಸುಳ್ಯದ ರೈತರ ಕಂದಾಯದ ಲೆಕ್ಕ ಉಳಿದಿದೆ. ಅವರಿಗಾದ ಶಿಕ್ಷೆಯ ಲೆಕ್ಕ ಉಳಿದಿದೆ. ಅವರು ಯಾವ ಬಂಡೆಯ ಮೇಲೆ ಕಾಲಿಟ್ಟು ಹೊಳೆಯನ್ನು ದಾಟಿದರೆಂಬುದನ್ನು ಬರೆದಿಡಬೇಕೆಂದು ಯಾವ ಗುಮಾಸ್ತನಿಗೂ ತೋರಲಿಲ್ಲ. ಅದು ಇರುವುದು ದಂಡೆಯಲ್ಲಿ ಮಾತ್ರ, ದಂಡೆಯಲ್ಲಿ ಬದುಕುವವರ ನೆನಪಿನಲ್ಲಿ ಮಾತ್ರ. ಕೆಡ್ಡಸ ಕಳೆದು ಬಿಸು ಬರುವುದರೊಳಗೆ, ನೀರು ಇಳಿದು ದಾರಿ ತೆರೆದಿರುವಾಗ, ಅದನ್ನು ಹೋಗಿ ಕೇಳಬೇಕು.